ಅಕ್ಕನಿಗೆಂದು ಹಿಡಿದ ಹಾಸಿಗೆ

ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಕಡ್ಡಿಗೆ, ನಿನ್ನ ಸೋದರಮಾವ ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಬರೆಯುವುದು ಏನೆಂದರೆ,

ಹೃದಯದ ವಿಷಯದಲ್ಲಿ ಈ ಭೂಮಿಯ ಮೇಲೆ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಸುಳ್ಳಲ್ಲ. ಹೋದ ತಿಂಗಳು ಈ ಊರಿನ ಅತಿ ದೊಡ್ಡ ಆಸ್ಪತ್ರೆಯ ಅತಿ ದೊಡ್ಡ ಡಾಕ್ಟರು ನನ್ನ ಮುಂದೆ ನಿಂತುಕೊಂಡು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಅವರ ಬೆನ್ನ ಹಿಂದೆ ಚಿಕ್ಕ ಡಾಕ್ಟರುಗಳು ಕತ್ತು ಚಾಚಿ ಕೇಳಿಸಿಕೊಂಡರು. ನಾಲ್ಕನೆಯ ತರಗತಿಯಲ್ಲಿ ನನ್ನ ಕಿವಿ ಹಿಂಡಿ, "ನೀನು ಎಮ್ಮೆ ಕಾಯೋಕೂ ಲಾಯಕ್ಕಿಲ್ಲ" ಎಂದಿದ್ದ ಮೇಷ್ಟ್ರು ಬದುಕಿದ್ದರೆ ಗಾಡಿ ಮಾಡಿ ಕರೆಸಿ ತೋರಿಸುತ್ತಿದ್ದೆ.

ಕಾಗದ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ನಿಮ್ಮ ಸರ್ವೆ ತಂಡ ಬೀಡುಬಿಟ್ಟಿರುವ ಬೆಟ್ಟಕ್ಕೆ ಫೋನು ಹತ್ತುವುದಿಲ್ಲ. ರೇಷನ್ ಒಯ್ಯುವ ಜೀಪಿನ ಡ್ರೈವರನ ಕೈಗೆ ಎರಡು ಸಲ ಕಾಗದ ಕೊಡಲು ಹೋಗಿ ಎರಡು ಸಲವೂ ಹರಿದು ಹಾಕಿ ಬಂದೆ. ಮೊದಲನೆಯದರಲ್ಲಿ ನಿಜ ಜಾಸ್ತಿಯಾಗಿತ್ತು, ಎರಡನೆಯದರಲ್ಲಿ ತೀರಾ ಕಡಿಮೆಯಾಗಿತ್ತು. ಇದು ಹದವಾಗಿದೆ ಅಂದುಕೊಂಡಿದ್ದೇನೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಎದೆ ಗಟ್ಟಿ ಮಾಡಿಕೋ. ನಿನ್ನ ಅಮ್ಮನಿಗೆ ಹೃದಯದ ಹೊಡೆತ ಬಿದ್ದಿತ್ತು. ಬದುಕಿದ್ದಾಳೆ. ಈಗ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು, "ಅದೇನೋ ಅಷ್ಟುದ್ದ ಬರೀತಿದ್ದೀಯ, ಆಸ್ತಿ ಭಾಗಪತ್ರಾನಾ? ಇರೋದು ಎರಡು ಕೋಣೆ" ಎಂದು ನನ್ನನ್ನು ಬೈಯುತ್ತಿದ್ದಾಳೆ. ಬೈಗುಳ ಜೋರಾಗಿದೆ ಎಂದರೆ ರಕ್ತ ಸರಿಯಾಗಿ ಓಡಾಡುತ್ತಿದೆ ಎಂದರ್ಥ. ಇದು ನನ್ನ ಸ್ವಂತ ಸಂಶೋಧನೆ. ದೊಡ್ಡ ಡಾಕ್ಟರು ಇದನ್ನು ಬರೆದುಕೊಳ್ಳುವುದು ಮರೆತರು.

ಶುರುವಾದದ್ದು ನೀನು ಹೊರಟುಹೋದ ಮೇಲೆ. ಹಾಸಿಗೆ ಹೊಲಿಯುವ ಶೆಡ್ಡಿನಲ್ಲಿ ಹತ್ತಿ ಬಡಿಯುವಾಗ ಎದೆಯ ನಡುವೆ ಯಾರೋ ಮೊಣಕಾಲೂರಿ ಕೂತ ಹಾಗೆ ಆಗುವುದು, ನೋವು ಎಡಗೈಗಿಳಿದು ದವಡೆಗೆ ಹತ್ತುವುದು, ಮೈಯೆಲ್ಲ ತಣ್ಣನೆ ಬೆವರು. ಇದನ್ನೆಲ್ಲ ನಾನು ಕಿತ್ತು ಕಿತ್ತು ಕೇಳಿದ ಮೇಲೆ ತಿಳಿದದ್ದು. ಅವಳಾಗಿ ಹೇಳಿದ್ದು ಇಷ್ಟೇ: "ಸ್ವಲ್ಪ ಹಿಡ್ಕೊಂಡ ಹಾಗಿತ್ತು." ಹಾಗೆಂದು ಮೂಟೆ ಹೊತ್ತುಕೊಂಡು ನಡೆದಳು. ನಮ್ಮ ಮನೆಯ ಅಭ್ಯಾಸ ನಿನಗೆ ಗೊತ್ತಲ್ಲ, ನೋವಿದ್ದವರು ಬಾಯಿ ಬಿಡಬಾರದು, ಪಕ್ಕದವರು ಅವರ ಪರವಾಗಿ ಅಳಬೇಕು.

ನಾನು ಬೈದು ಬೈದು ಆ ದೊಡ್ಡ ಆಸ್ಪತ್ರೆಗೇ ಅಟ್ಟಿದೆ. ಕೆಲಸದಿಂದ ನೆಟ್ಟಗೆ ಹೋದಳು, ತಲೆ ತುಂಬ ಹತ್ತಿ ಮೆತ್ತಿಕೊಂಡು. ಅಲ್ಲಿ ಕೆಳಗೆ ಬಂದುಹೋಗುವವರನ್ನು ನೋಡುವ ಡಾಕ್ಟರು ತಲೆ ಎತ್ತದೆ, "ಧೂಳು, ಅಲರ್ಜಿ" ಎಂದು ಕಂದು ಬಣ್ಣದ ಸಿರಪ್ಪು ಬರೆದರು. ಎರಡನೆಯ ಸಲ "ಗ್ಯಾಸು" ಎಂದು ಗುಲಾಬಿ ಬಣ್ಣದ್ದು ಕೊಟ್ಟರು. ಮೂರನೆಯ ಸಲ ಇವಳೇ ಧೈರ್ಯ ಮಾಡಿ, "ಡಾಕ್ಟ್ರೇ, ಎದೆಗೆ ತಂತಿ ಹಚ್ಚಿ ಗೆರೆಗೆರೆ ಚೀಟಿ ತೆಗೀತೀರಲ್ಲ, ಅದನ್ನ ನನಗೂ ಒಂದ್ಸಲ ಮಾಡ್ತೀರಾ?" ಎಂದು ಕೇಳಿದಳಂತೆ.

ಅವರು ನಕ್ಕರಂತೆ. ಕೆಟ್ಟ ನಗೆಯಲ್ಲ, ಮಕ್ಕಳು ಚಂದ್ರ ಬೇಕು ಅಂದಾಗ ನಗುವ ಹಾಗೆ. "ಅಮ್ಮಾ, ನೀವು ಗುಡ್ಡದ ಕಡೆಯ ಜನ. ನಿಮ್ಮದು ಕಲ್ಲಿನಂಥ ಮೈ. ಹೃದಯದ ಕಾಯಿಲೆಯೆಲ್ಲ ಕೂತು ತಿನ್ನೋ ನಮ್ಮಂಥೋರಿಗೆ ಬರೋದು. ನಿಮ್ಮವರಿಗೆ ನೋವು ತಡೆಯೋ ಶಕ್ತಿ ಹುಟ್ಟುತ್ತಲೇ ಬಂದಿರುತ್ತೆ."

ಅಕ್ಕ ಮೂರನೆಯ ಬಾಟಲಿ, ಹಸಿರು ಬಣ್ಣದ್ದು, ಹಿಡಿದುಕೊಂಡು ಸಂತೋಷವಾಗಿ ಬಂದಳು. "ಎಷ್ಟು ಒಳ್ಳೇ ಮನುಷ್ಯ ಕಣೋ. ನಮ್ಮ ಜನಾನ ಹೊಗಳಿದ."

ನನ್ನ ತಲೆ ಕೆಟ್ಟಿತು. ಆ ಡಾಕ್ಟರು ನನ್ನನ್ನು ಕಂಡಿದ್ದರೆ ಗುಡ್ಡದ ಮಾತು ಬರುತ್ತಿತ್ತೇ? ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಅಕ್ಕನಿಗೆ ಅಮ್ಮನ ನೇರಳೆಕಪ್ಪು ಬಂತು, ನನಗೆ ಅಪ್ಪನ ಬಿಳಿಚು ಬಣ್ಣ ಬಂತು. ಆ ಬಣ್ಣದ ಬಲದಿಂದಲೇ ನಾನು ದೊಡ್ಡ ಹೋಟೆಲಿನ ಮುಂಬಾಗಿಲಲ್ಲಿ, ಜರಿಹಗ್ಗದ ನೀಲಿ ಕೋಟು ತೊಟ್ಟು, ಬಂದವರಿಗೆ ಬಾಗಿಲು ತೆಗೆಯುವವನಾದದ್ದು. ಅಕ್ಕ ಅದೇ ಹೋಟೆಲಿಗೆ ಹಾಸಿಗೆ ಹೊತ್ತು ತರುವುದು ಹಿಂಬಾಗಿಲಿನಿಂದ. ಇಷ್ಟು ವರ್ಷದಲ್ಲಿ ನಾವು ಅಕ್ಕ-ತಮ್ಮ ಎಂದು ಮ್ಯಾನೇಜರಿಗೆ ತಿಳಿದಿರಲಿಲ್ಲ. ಅವರು ಕೇಳಲಿಲ್ಲ. ನಾನೂ, ಕೇಳದೆ ಹೇಳುವುದು ಯಾಕೆ ಅಂತ ಸುಮ್ಮನಿದ್ದೆ.

ಬಾಗಿಲಲ್ಲಿ ನಿಲ್ಲುವವನಿಗೆ ಒಂದು ವಿದ್ಯೆ ಗೊತ್ತಿರುತ್ತದೆ. ಬರುವವರ ಬೂಟು ನೋಡಿದ ಕೂಡಲೇ ಬಾಗಿಲನ್ನು ಎಷ್ಟು ಅಗಲ ತೆಗೆಯಬೇಕು ಎಂದು ಕೈಗೇ ತಿಳಿಯುತ್ತದೆ, ತಲೆಯನ್ನು ಕೇಳಬೇಕಾಗಿಲ್ಲ. ಆಸ್ಪತ್ರೆಯೂ ಹಾಗೆಯೇ ಇರಬೇಕು ಎಂದು ಲೆಕ್ಕ ಹಾಕಿದೆ. "ಅಕ್ಕಾ, ನಾಳೆ ನಾನು ಜೊತೆಗೆ ಬರ್ತೀನಿ, ನನ್ನ ಕೋಟೂ ಬರುತ್ತೆ" ಎಂದೆ. ಕೋಟನ್ನು ಮನೆಗೆ ಒಯ್ಯುವ ಹಾಗಿಲ್ಲ. ಇಸ್ತ್ರಿಗೆ ಕೊಡುತ್ತೇನೆ ಎಂದು ಹೇಳಿ ತಂದೆ.

ಕಡ್ಡೀ, ನೀನು ನೋಡಬೇಕಿತ್ತು! ಬೂಟಿಗೆ ಪಾಲಿಶು, ಮೀಸೆಗೆ ಎಣ್ಣೆ, ಹಿತ್ತಾಳೆ ಗುಂಡಿಗಳು ಮಿಣಮಿಣ. ಜರಿಹಗ್ಗ ಕಳಚಿಟ್ಟಿದ್ದೆ, ಇಲ್ಲದಿದ್ದರೆ ಮದುವೆ ಬ್ಯಾಂಡಿನವನು ಅಂದುಕೊಂಡಾರು. ಆಸ್ಪತ್ರೆಯ ಬಾಗಿಲಿನವನು ನನ್ನನ್ನು ಕಂಡು ಹಿಮ್ಮಡಿ ಜೋಡಿಸಿ ಸೆಲ್ಯೂಟು ಹೊಡೆದ. ನಾನು ನಿತ್ಯ ಹೊಡೆಯುವ ಅದೇ ಸೆಲ್ಯೂಟು. ಸ್ವಲ್ಪ ಎಡವಟ್ಟಾಗಿತ್ತು, ತಿದ್ದಬೇಕೆನ್ನಿಸಿತು, ತಡೆದುಕೊಂಡೆ. ಹಿಂದೆ ಚೀಲ ಹಿಡಿದು ಬರುತ್ತಿದ್ದ ಅಕ್ಕನಿಗೆ ಮಾತ್ರ, "ಕೆಲಸದವರೆಲ್ಲ ಆ ಕಡೆ ಬಾಗಿಲಿಂದ" ಎಂದ. "ನನ್ನ ಜೊತೆ" ಎಂದೆ. ಬಿಟ್ಟ.

ಮೇಜಿನ ಹುಡುಗಿ ಎದ್ದು ನಿಂತು, "ಏನು ತೊಂದರೆ ಸರ್?" ಎಂದಳು.

ಪಕ್ಕದವರ ನೋವು ಹೇಳುವುದೆಂದರೆ ನನಗೆ ಹಬ್ಬ. ಕೈಯನ್ನು ಎದೆಗಿಟ್ಟುಕೊಂಡೆ. "ಇಲ್ಲಿ ಕಣಮ್ಮಾ, ಯಾರೋ ಮೊಣಕಾಲೂರಿದ ಹಾಗೆ" ಎಂದು ಬಗ್ಗಿದೆ. "ಇಲ್ಲಿಂದ ಹೀಗೆ ಇಳಿದು, ಹೀಗೆ ಹತ್ತಿ" ಎಂದು ದವಡೆ ಹಿಡಿದು ಕಣ್ಣು ಮೇಲಕ್ಕೆ ಮಾಡಿದೆ. ಉಸಿರಾಟದ ಸದ್ದೂ ಸೇರಿಸಿದೆ, ಸ್ವಲ್ಪ ಕೈಯಿಂದ ಹಾಕಿ. ಮುಗಿಸಿ, "ಇವಳೇ ನಮ್ಮಕ್ಕ" ಎಂದು ಹೇಳುವಷ್ಟರಲ್ಲಿ ಹುಡುಗಿ ಗಂಟೆ ಒತ್ತಿದ್ದಳು. ಚಕ್ರದ ಕುರ್ಚಿ ಬಂದು ನನ್ನ ಮಂಡಿಯ ಹಿಂದೆ ತಾಗಿತು. ಧೊಪ್ಪನೆ ಕೂತೆ.

"ನಾನಲ್ಲ, ಅವಳು" ಎನ್ನುವ ಮಾತು ಗಂಟಲಿಗೆ ಬಂದಿತ್ತು. ನಿಜ ಹೇಳುತ್ತೇನೆ, ಕುರ್ಚಿ ಬಲು ಮೆತ್ತಗಿತ್ತು. ಜೀವನವೆಲ್ಲ ಬೇರೆಯವರ ಸಾಮಾನಿನ ಗಾಡಿ ತಳ್ಳಿದ್ದೇನೆ, ನನ್ನನ್ನು ಯಾರೂ ತಳ್ಳಿರಲಿಲ್ಲ. ಆದರೆ ಅದಕ್ಕಾಗಿ ಬಾಯಿ ಮುಚ್ಚಿಕೊಂಡೆ ಎಂದು ತಿಳಿಯಬೇಡ. ಆಗಲೇ ನನ್ನ ತಲೆಗೆ ಮಹಾ ಉಪಾಯ ಹೊಳೆಯಿತು. ಕಾಲಿಡಲು ಜಾಗವಿಲ್ಲದ ಬಸ್ಸು ಬಂದರೆ ನಾವೇನು ಮಾಡುತ್ತೇವೆ? ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತೇವೆ. ಆಮೇಲೆ ವಯಸ್ಸಾದವರನ್ನು ನಿಧಾನವಾಗಿ ಹತ್ತಿಸಿ ತಂದು ಕೂರಿಸುತ್ತೇವೆ. ಅಕ್ಕನಿಗೆ ಮೂರು ಸಲ ಈ ಬಸ್ಸು ನಿಲ್ಲಿಸಿರಲಿಲ್ಲ. ನನಗೆ ನಿಲ್ಲಿಸಿದೆ. ಸರಿ, ನಾನೇ ಟವೆಲ್ ಆಗುತ್ತೇನೆ, ಹಾಸಿಗೆ ಸಿಕ್ಕಿದ ಮೇಲೆ ಎದ್ದು ಅವಳನ್ನು ಮಲಗಿಸುತ್ತೇನೆ ಎಂದುಕೊಂಡೆ.

ಅಕ್ಕನ ಕಡೆ ತಿರುಗಿ ಕಣ್ಣು ಹೊಡೆದೆ, ಉಪಾಯ ತಿಳಿಯಲಿ ಎಂದು. ಅವಳು, "ಅಯ್ಯೋ, ನನ್ನ ತಮ್ಮನ ಮುಖ ಒಂದು ಕಡೆಗೆ ಎಳೀತಿದೆ!" ಎಂದು ಕಿರುಚಿದಳು. ಕುರ್ಚಿ ತಳ್ಳುವವನು ಓಡತೊಡಗಿದ.

ಮೇಲಿನ ಮಹಡಿಯ ಕೋಣೆಗೆ ಪರದೆಯೇನು, ತಂಪೇನು! ಎದೆಗೆ ತಂತಿ ಅಂಟಿಸಿದರು, ಬೆರಳಿಗೆ ಚಿಮಟಿಗೆ ಹಾಕಿದರು. ಅಕ್ಕ ಕೇಳಿಕೊಂಡರೂ ಸಿಗದಿದ್ದ ಗೆರೆಚೀಟಿಯನ್ನು ನನಗೆ ಕೇಳದೆಯೇ ಎರಡೆರಡು ಸಲ ತೆಗೆದರು. ದೊಡ್ಡ ಡಾಕ್ಟರು ಬಂದು, "ತಮ್ಮ ವೃತ್ತಿ?" ಎಂದರು. "ಹೋಟೆಲು" ಎಂದೆ. ಅದು ಸುಳ್ಳೇ? "ಯಾವುದು?" ಎಂದರು. ಹೆಸರು ಹೇಳಿದೆ. ಅವರ ಹಿಂದಿದ್ದ ಚಿಕ್ಕ ಡಾಕ್ಟರುಗಳು ಒಂದು ಹೆಜ್ಜೆ ಹಿಂದೆ ಸರಿದರು.

"ಚೀಟಿಯಲ್ಲಿ ಏನೂ ಕಾಣ್ತಿಲ್ಲ" ಎಂದರು ದೊಡ್ಡ ಡಾಕ್ಟರು. "ಕುದುರೆ ಹೃದಯ. ಆದರೂ ತಮ್ಮಂಥವರ ವಿಷಯದಲ್ಲಿ ಸುಮ್ನೆ ಬಿಡೋಕಾಗಲ್ಲ. ಓಡಾಟ, ಟೆನ್ಶನ್ನು. ಎರಡು ದಿನ ಇಲ್ಲೇ ಇರಿ, ನೋಡೋಣ."

ಸೀಟು ಸಿಕ್ಕಿತು! "ಬಹಳ ಉಪಕಾರವಾಯ್ತು ಡಾಕ್ಟ್ರೇ" ಎಂದು ಎದ್ದು ಕೂತೆ. "ಈಗ ನಾನು ಇಳೀತೀನಿ, ನಮ್ಮಕ್ಕನ್ನ ಹತ್ತಿಸ್ಕೊಳ್ಳಿ. ನೋವಿರೋದು ಅವಳಿಗೆ."

"ನಿಮ್ಮಕ್ಕ ಎಲ್ಲಿದ್ದಾರೆ?"

"ಕೆಳಗೆ ಚೀಲ ಹಿಡ್ಕೊಂಡು ನಿಂತಿದ್ದಾಳಲ್ಲ, ಅವಳೇ."

ನರ್ಸಮ್ಮ ಡಾಕ್ಟರ ಮುಖ ನೋಡಿದಳು. ಡಾಕ್ಟರು ನರ್ಸಮ್ಮನ ಮುಖ ನೋಡಿದರು. "ಸರ್, ಅಲ್ಲಿರೋದು ತಮ್ಮ ಮನೆ ಕೆಲಸದಾಕೆ."

"ನನ್ನ ಒಡಹುಟ್ಟಿದ ಅಕ್ಕ ಕಣಮ್ಮಾ!"

"ಆ ಕಪ್ಪಗಿರೋ, ಗುಡ್ಡದ ಕಡೆಯ..."

"ನಾನೂ ಗುಡ್ಡದ ಕಡೆಯವನೇ!"

ಡಾಕ್ಟರು ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು. "ಇವತ್ತು ಯಾವ ವಾರ ಹೇಳ್ತೀರಾ? ಇದು ಎಷ್ಟು ಬೆರಳು?" ಎರಡನ್ನೂ ಸರಿಯಾಗಿ ಹೇಳಿದೆ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ನನಗೆ ಕೇಳಿಸಬಾರದೆಂದು ಬಾಗಿಲ ಹತ್ತಿರ ಹೋಗಿ, "ಗೊಂದಲ ಶುರುವಾಗಿದೆ, ತಲೆಯದೂ ಒಂದು ಸ್ಕ್ಯಾನ್ ಮಾಡಿಸಿಬಿಡಿ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಕ್ಕನಿಗೆ ಅಕ್ಕ ಎಂದ ತಪ್ಪಿಗೆ ನನ್ನನ್ನು ಕೊಳವೆಯೊಳಗೆ ತಳ್ಳಿ ಮಿದುಳಿನ ಫೋಟೊ ತೆಗೆದರು. ಫೋಟೊ ಚೆನ್ನಾಗಿ ಬಂದಿದೆ, ಮಿದುಳು ಇದೆ ಎನ್ನುವುದಕ್ಕೆ ಈಗ ನನ್ನ ಹತ್ತಿರ ದಾಖಲೆಯಿದೆ. ನಿಮ್ಮ ತಂಡದಲ್ಲಿ ಯಾರ ಹತ್ತಿರ ಇದೆ ಕೇಳು.

ಮತ್ತೆ ತಂದು ಮಲಗಿಸಿ, ತಂತಿ ಅಂಟಿಸಿ, ಕದಲಬಾರದು ಎಂದು ಹೇಳಿ ಹೋದರು. ಟವೆಲ್ಲೇ ಸೀಟಿಗೆ ಅಂಟಿಕೊಂಡುಬಿಟ್ಟಿತ್ತು.

ಆಗ ಅಕ್ಕ ಬಾಗಿಲು ಸರಿಸಿಕೊಂಡು ಬಂದಳು.

"ಒಳಗೆ ಬಿಟ್ಟರೇನೇ?" ಎಂದೆ.

"ಅಕ್ಕ ಅಂದೆ, ಬಿಡ್ಲಿಲ್ಲ. ಕೆಲಸದವಳು ಅಂದೆ, ಬಿಟ್ರು. ನಿನ್ನ ಮುಖ ನೋಡ್ಬೇಕಿತ್ತು ನನಗೆ." ನನ್ನ ಕೆನ್ನೆ ಎರಡನ್ನೂ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಈಗ ನೆಟ್ಟಗಾಗಿದೆ." ಆಮೇಲೆ ಅಭ್ಯಾಸಬಲದಿಂದ ಹಾಸಿಗೆಯನ್ನು ಒತ್ತಿ, "ಇದು ಹತ್ತಿ ಅಲ್ಲ ಕಣೋ, ಸ್ಪಂಜು. ಬೆನ್ನು ಹಾಳಾಗುತ್ತೆ" ಎಂದಳು.

ಅವಳ ಕೈ ಮಂಜುಗಡ್ಡೆಯಾಗಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಆ ತಂಪು ಕೋಣೆಯಲ್ಲಿ. "ಅಕ್ಕಾ, ನನಗೇನೂ ಇಲ್ಲ, ನಿನಗೋಸ್ಕರ ಸೀಟು ಹಿಡಿದಿದ್ದೀನಿ, ಮಲಗು" ಎಂದು ಇಳಿದೆ. ಇನ್ನೇನು ಜಗಳ ಶುರುಮಾಡುತ್ತಾಳೆ ಎಂದುಕೊಂಡೆ. ಅವಳು ಮಾತಾಡದೆ ಮಲಗಿದಳು. ಕಡ್ಡೀ, ಹುಟ್ಟಿದಾಗಿನಿಂದ ನಿನ್ನ ಅಮ್ಮ ನನ್ನ ಒಂದು ಮಾತನ್ನೂ ಜಗಳವಿಲ್ಲದೆ ಕೇಳಿದವಳಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಯಾರಾದರೂ ಬನ್ನಿ ಎಂದು ಒಳಗಿನಿಂದಲೇ ಕೂಗಿದೆ. "ಸಾಹೇಬರಿಗೆ ಮತ್ತೆ ಗೊಂದಲ" ಎಂದು ಯಾರೋ ಹೊರಗೆ ಹೇಳಿದ್ದು ಕೇಳಿಸಿತು, ಯಾರೂ ಬರಲಿಲ್ಲ. ನನ್ನ ಎದೆಯ ಮೇಲಿನ ಬಿಲ್ಲೆಗಳನ್ನು ಕೂದಲ ಸಮೇತ ಕಿತ್ತೆ. ಗೋಡೆಯ ಕಡೆ ಮುಖ ಮಾಡಿ ನಿಂತು, "ಇದು ಬಲಗಡೆ ಮೇಲೆ, ಇದು ಎಡಗಡೆ ಮೇಲೆ, ಇದು ಕೆಳಗೆ" ಎಂದು ಒಂದೊಂದಾಗಿ ಹಿಂದಕ್ಕೆ ಕೊಟ್ಟೆ. ಅವಳು ಬಟ್ಟೆಯೊಳಗೆ ಕೈ ಹಾಕಿ ಅಂಟಿಸಿಕೊಂಡಳು.

ಯಂತ್ರ ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಬಾಯಿ ಬಿಟ್ಟು ಕೂಗಿಕೊಂಡಿತು ನೋಡು!

ನರ್ಸಮ್ಮ ಓಡಿ ಬಂದವಳು ಯಂತ್ರದ ಪರದೆಯ ಗೆರೆಗಳನ್ನಷ್ಟೇ ನೋಡಿ ಮತ್ತೆ ಓಡಿದಳು. ದೊಡ್ಡ ಡಾಕ್ಟರು ಬಾಗಿಲಿಂದಲೇ ಗೆರೆ ನೋಡಿ, "ಸಾಹೇಬರಿಗೆ ಅಟ್ಯಾಕು! ಬೇಗ, ಬೇಗ!" ಎಂದರು. ಸೂಜಿ, ಟ್ರೇ, ಆಕ್ಸಿಜನ್ನು ಎಲ್ಲವೂ ಒಮ್ಮೆಗೇ ನುಗ್ಗಿದವು. ಹಾಸಿಗೆಯ ಹತ್ತಿರ ಬಂದು ನೋಡಿದರೆ ಮಲಗಿರುವವಳು ಅಕ್ಕ. ಸಾಹೇಬ ಕೋಟಿಲ್ಲದೆ ಗೋಡೆಗೆ ಒರಗಿ ನಿಂತಿದ್ದಾನೆ.

ನುಗ್ಗಿದವರೆಲ್ಲ ಅವಳನ್ನೂ ನನ್ನನ್ನೂ ತಿರುತಿರುಗಿ ನೋಡಿದರು. ಯಂತ್ರವೊಂದೇ ಕೂಗುತ್ತಿತ್ತು. ಅದಕ್ಕೆ ಕಣ್ಣಿಲ್ಲ, ಯಾರ ಎದೆ ಎಂದು ನೋಡುವುದಿಲ್ಲ. ನರ್ಸಮ್ಮನೇ ಮೊದಲು ಬಾಯಿಬಿಟ್ಟಳು, "ಸರ್, ಇವರಿಬ್ಬರ ಮೂಗು ನೋಡಿ. ನಿಜವಾಗಿ ಅಕ್ಕ-ತಮ್ಮನೇ."

ಡಾಕ್ಟರು ಕೆಟ್ಟವರಲ್ಲ. ಆಮೇಲೆ ತಾವೇ ಅವಳ ನಾಲಿಗೆ ಕೆಳಗೆ ಮಾತ್ರೆಯಿಟ್ಟು, ಸೂಜಿ ಚುಚ್ಚಿ, ಅವಳ ಕೈ ಹಿಡಿದು ನಿಂತರು. ಅಕ್ಕನ ತುಟಿಗೆ ಬಣ್ಣ ಬಂತು. ಹೃದಯದ ಕಟ್ಟಿಕೊಂಡ ನರ ತೆರೆದು ಸ್ಟೆಂಟು ಅನ್ನುವ ಸಣ್ಣ ಕೊಳವೆ ಇಡಬೇಕು, ತಡಮಾಡುವ ಹಾಗಿಲ್ಲ ಎಂದರು. ಆದರೆ ಕೆಳಗಿನ ಕೌಂಟರಿನವನು, ಹಾಸಿಗೆ ಇರುವುದು ಸಾಹೇಬರ ಹೆಸರಿನಲ್ಲಿ, ಈಕೆಗೆ ಹೊಸದಾಗಿ ಅಡ್ವಾನ್ಸು ಕಟ್ಟಬೇಕು, ಕಟ್ಟಿದ್ದೆಲ್ಲ ಸಾಹೇಬರ ಕೋಣೆಗೂ ಮಿದುಳಿಗೂ ಸರಿಹೋಯಿತು ಎಂದ. ಅಲ್ಲಿ ಒಂದಿಷ್ಟು ಚಿಲ್ಲರೆ ಕಾಸು ಕೈಬಿಟ್ಟಿತು, ಅದೇನು ದೊಡ್ಡ ವಿಷಯವಲ್ಲ. ನನ್ನ ಕೋಟನ್ನು ಅಡವಿಡಲು ಹೋದೆ, ತೆಗೆದುಕೊಳ್ಳಲಿಲ್ಲ. ಡಾಕ್ಟರು ಫೋನಿನಲ್ಲಿ ಯಾರ ಜೊತೆಯೋ ಕೂಗಾಡಿದರು. ಅವರ ಮಾತೂ ನಡೆಯಲಿಲ್ಲ. ತಮ್ಮ ಆಂಬುಲೆನ್ಸಿನಲ್ಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಿಕೊಟ್ಟರು.

ಅಲ್ಲಿ ಹಾಸಿಗೆ ಸಿಕ್ಕಿದ್ದು ವರಾಂಡದಲ್ಲಿ, ನೆಲದ ಮೇಲೆ. ಅಕ್ಕ ಒತ್ತಿ ನೋಡಿ, "ಇದು ಹತ್ತಿ" ಎಂದು ಸಮಾಧಾನಪಟ್ಟಳು. ಕಣ್ಣಿಗೆ ನಿದ್ದೆ ಕಾಣದ ಒಬ್ಬ ಡಾಕ್ಟರಮ್ಮ ಮಾರನೆಯ ದಿನ ಸರದಿ ಬಂದಾಗ ಕೊಳವೆ ಇಟ್ಟರು. ಹೊರಗೆ ಬಂದು, ಹೃದಯದ ಒಂದು ಭಾಗ ನಿದ್ದೆ ಹೋಗಿದೆ, ಅದು ಇನ್ನು ಏಳುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿ ಎಂದರು. ಅಕ್ಕನಿಗೆ ಎಚ್ಚರವಾದ ಮೇಲೆ, "ಇದು ವಾರಗಟ್ಟಲೆ ಹಿಂದೆಯೇ ಶುರುವಾಗಿದೆಯಲ್ಲಮ್ಮ, ಯಾರೂ ಚೀಟಿ ತೆಗೀಲಿಲ್ವಾ?" ಎಂದು ಕೇಳಿದರು.

"ನಮ್ಮದು ಕಲ್ಲಿನ ಮೈ ಡಾಕ್ಟ್ರಮ್ಮಾ" ಎಂದಳು ಅಕ್ಕ, ಹೆಮ್ಮೆಯಿಂದ. ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು.

ಈಗ ಅವಳು ಮೂಟೆ ಹೊರುವ ಹಾಗಿಲ್ಲ, ಹತ್ತಿ ಬಡಿಯುವ ಹಾಗಿಲ್ಲ. ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಬಡಿಯುವವರನ್ನು ಬೈಯುವ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಸಂಬಳ ಅರ್ಧ, ಕೆಲಸ ದುಪ್ಪಟ್ಟು. ನನಗಂತೂ ಬಡ್ತಿಯಾಗಿದೆ. ಕೋಟಿನಲ್ಲಿ ಆಸ್ಪತ್ರೆಯ ವಾಸನೆ ಹಿಡಿದು ಮ್ಯಾನೇಜರು ವಿಚಾರಿಸಿದರು, ನಾನು ನಡೆದದ್ದನ್ನು ಹೇಳಿದೆ, ಅಕ್ಕ ಯಾರೆಂಬುದನ್ನೂ ಹೇಳಿದೆ. ಮಾರನೆಯ ದಿನವೇ ನನ್ನನ್ನು ಹಿಂಬಾಗಿಲಿಗೆ ಹಾಕಿದರು. ಮುಂಬಾಗಿಲಲ್ಲಿ ಬರುವುದು ಜನ ಮಾತ್ರ. ಹಿಂಬಾಗಿಲಲ್ಲಿ ತರಕಾರಿ, ಹಾಲು, ಗ್ಯಾಸು, ಹಾಸಿಗೆ, ಇಡೀ ಹೋಟೆಲೇ ನನ್ನನ್ನು ದಾಟಿ ಒಳಗೆ ಹೋಗಬೇಕು. ಜವಾಬ್ದಾರಿ ಹೆಚ್ಚು.

ಅರ್ಧ ಕೆಲಸ ಬಿಟ್ಟು ಓಡಿಬರಬೇಡ ಎಂದು ಬರೆಯಲು ನಿನ್ನ ಅಮ್ಮ ಹೇಳುತ್ತಿದ್ದಾಳೆ. ಬರೆದಿದ್ದೇನೆ. ಆದರೆ ಜೀಪಿನ ಡ್ರೈವರು ಹಿಂದಿನ ಸೀಟಿನಲ್ಲಿ ಒಂದು ಜಾಗ ಇದೆ ಎಂದಿದ್ದಾನೆ, ಅದನ್ನೂ ಬರೆದಿದ್ದೇನೆ. ಬಂಡೆಯ ಮೇಲೆ ಕಾಲು ಜಾರದಿರಲಿ, ನೀನು ಹಿಡಿದ ಸರಪಳಿ ನೆಟ್ಟಗಿರಲಿ, ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಲಿ. ನನ್ನ ಆಯುಸ್ಸಿನಲ್ಲಿ ಮಿಕ್ಕಿದ್ದು ನಿನಗೆ, ಅಮ್ಮನಿಗೆ ಕೊಟ್ಟು ಉಳಿದರೆ.

ನಿನ್ನ ಮಾವ,
ಹೃದಯ ಮತ್ತು ಮಿದುಳು ಎರಡೂ ಪರೀಕ್ಷೆಯಲ್ಲಿ ತೇರ್ಗಡೆಯಾದವನು

ಮರೆತಿದ್ದು: ಅಕ್ಕ ಈಗ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಆವತ್ತು ಅವಳು ಹಿಡಿದಿದ್ದ ಚೀಲದಲ್ಲಿ ದುಡ್ಡಿತ್ತು. ತನ್ನ ಹಾಸಿಗೆಯ ಹತ್ತಿಯೊಳಗೆ ವರ್ಷಗಟ್ಟಲೆ ಹೊಲಿದಿಟ್ಟಿದ್ದು, ನೀನು ಕಳಿಸಿದ್ದೂ ಸೇರಿ. ತನ್ನ ಎದೆಗೆ ಬೇಕಾದೀತು ಎಂದು ಬಿಚ್ಚಿ ತಂದಿದ್ದಳು. ನಾನು ಕೊಳವೆಯೊಳಗೆ ಮಿದುಳು ತೋರಿಸುತ್ತಾ ಮಲಗಿದ್ದಾಗ, ಅವಳು ಆ ನೋವಿಟ್ಟುಕೊಂಡು ಕೌಂಟರಿನ ಸಾಲಿನಲ್ಲಿ ನಿಂತು, ನನ್ನ ಹೆಸರಿಗೆ ಅಷ್ಟನ್ನೂ ಕಟ್ಟಿಬಿಟ್ಟಿದ್ದಳು.

ನನಗೇನೂ ಆಗಿರಲಿಲ್ಲ, ಎಲ್ಲಾ ನಾಟಕ ಎಂದು ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. "ಸುಮ್ನಿರೋ. ಅಷ್ಟು ದೊಡ್ಡ ಡಾಕ್ಟ್ರು ಏನೂ ಇಲ್ದೆ ಮಲಗಿಸ್ಕೊಳ್ತಾರಾ? ನನಗೆ ಧೂಳು, ಗ್ಯಾಸು, ಕಲ್ಲಿನ ಮೈ ಅಂತ ಮೂರು ಸಲ ಹೇಳಿದ್ರು, ನಿನಗೆ ಹೃದಯ ಅಂತ ನೋಡಿದ ಕೂಡಲೇ ಹೇಳಿದ್ರು" ಎನ್ನುತ್ತಾಳೆ. ನನಗೆ ನೀರಿನ ಬಕೆಟ್ಟು ಎತ್ತಲು ಬಿಡುವುದಿಲ್ಲ. ದುಡ್ಡು ಹೋಯಿತೆಂದು ಅವಳಿಗೆ ಚೂರೂ ಬೇಜಾರಿಲ್ಲ, ತಮ್ಮನ ಜೀವ ಉಳಿಸಿಕೊಂಡೆ ಎಂದು ಬೀದಿಗೆಲ್ಲ ಹೇಳಿಕೊಂಡು ಓಡಾಡುತ್ತಾಳೆ. ಈಗೀಗ ನಾನೂ ಎದುರಾಡುವುದು ಬಿಟ್ಟಿದ್ದೇನೆ.

ಎಷ್ಟು ಎಂದು ನೀನು ಬಂದಾಗ ಕೇಳಿಯೇ ಕೇಳುತ್ತೀಯ. ಅವಳ ಮುಂದೆ ಕೇಳಬೇಡ. ಚಿಲ್ಲರೆಯಲ್ಲ ಕಣೇ. ಐವತ್ತೆಂಟು ಸಾವಿರದ ನಾನೂರು.